ಎಂಟನೆಯ ಪಾತ್ರಕ್ಕೆ ಒಂದೂವರೆ ಸಾಲು

ಬೀದಿಯವರೆಲ್ಲ ಅವರನ್ನು ಬ್ರೇಕ್ ಇನ್‌ಸ್ಪೆಕ್ಟರು ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಲೈಸೆನ್ಸ್ ಬೇಕೆಂದು ಬಂದವರ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ಪ್ಯಾಡ್ ಇಟ್ಟುಕೊಂಡು, ಅವರು ಗಾಡಿ ಓಡಿಸುವುದನ್ನು ನೋಡಿ ಮಾರ್ಕು ಹಾಕುವುದು. ಎಡಕ್ಕೆ, ಬಲಕ್ಕೆ, ನಿಲ್ಲಿಸಿ. ಈ ಮೂರು ಬಿಟ್ಟರೆ ಕಾರಿನೊಳಗೆ ಅವರ ಬಾಯಿಂದ ನಾಲ್ಕನೆಯ ಮಾತು ಹೊರಡುತ್ತಿರಲಿಲ್ಲ. ಕೊನೆಗೆ "ಪಾಸ್" ಅಥವಾ "ಮತ್ತೆ ಬನ್ನಿ". ನಿವೃತ್ತರಾಗಿ ಎರಡು ವರ್ಷವಾದರೂ, ಬಸ್ಸು ಹತ್ತಿದರೆ ಡ್ರೈವರು ಕನ್ನಡಿ ನೋಡುತ್ತಾನೋ ಇಲ್ಲವೋ ಎಂದು ಕತ್ತು ಉದ್ದ ಮಾಡುವ ಚಾಳಿ ಹೋಗಿರಲಿಲ್ಲ.

ಅವರ ಸೋದರ ಸೊಸೆ, ತಂಗಿಯ ಮಗಳು, ಸಾರ್ವಜನಿಕ ಲೈಬ್ರರಿಯಲ್ಲಿ ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಅವಳು ಒಂದು ದಪ್ಪ ಫೈಲು ಹಿಡಿದುಕೊಂಡು ಅವರ ಮನೆಗೆ ಬಂದಳು.

"ಮಾವ, ನೀವು ನಂಗೊಂದು ಉಪಕಾರ ಮಾಡ್ಬೇಕು. ನಮ್ಮ ಲೈಬ್ರರಿಯಲ್ಲಿ ಪಾತ್ರದಾಟ ಬರೆಯೋ ಸ್ಪರ್ಧೆ ಇದೆ. ಮೂರು ಜನ ಜಡ್ಜ್ ಬೇಕು. ಒಬ್ಬರು ಕಾಲು ಮುರ್ಕೊಂಡು ಮಲಗಿದಾರೆ."

"ಪಾತ್ರದಾಟ ಅಂದ್ರೆ ನಾಟಕನೇನೆ?"

"ನಾಟಕ ಅಲ್ಲ. ನಾಟಕಕ್ಕೆ ನೋಡೋರು ಇರ್ತಾರೆ, ಇದಕ್ಕಿಲ್ಲ. ಬಂದೋರೆಲ್ಲ ಆಡೋರೇ. ಒಬ್ಬೊಬ್ಬರ ಕೈಗೂ ಒಂದೊಂದು ಹಾಳೆ ಕೊಡ್ತೀವಿ. ನೀವು ಯಾರು, ನಿಮಗೇನು ಬೇಕು, ಏನನ್ನ ಮುಚ್ಚಿಡ್ತಿದೀರ ಅಂತ ಅದರಲ್ಲಿರುತ್ತೆ. ಆಮೇಲೆ ಒಂದೆರಡು ಗಂಟೆ ನೀವು ಅವರೇ ಆಗಿ ನಡೀಬೇಕು, ಮಾತಾಡ್ಬೇಕು. ಮಾತು ಯಾರೂ ಬರೆದುಕೊಟ್ಟಿರಲ್ಲ."

"ನಂಗೆ ಇದರ ಗಂಧ ಗಾಳಿ ಗೊತ್ತಿಲ್ಲ ಕಣೇ."

"ಅದಕ್ಕೇ ನೀವು ಬೇಕು. ಗೊತ್ತಿರೋರೆಲ್ಲ ಒಬ್ಬರಿಗೊಬ್ಬರು ಸ್ನೇಹಿತರು. ಮಾರ್ಕು ಹಾಕುವಾಗ ಮುಖ ನೋಡದೋರು ಬೇಕು."

ಒಳಗಿನಿಂದ ಅವರ ಹೆಂಡತಿ ಹೇಳಿದರು, "ಹೋಗಿ ಅಂದ್ರೆ. ನನ್ನ ಅಡುಗೆಗೆ ಮಾರ್ಕು ಹಾಕೋದಾದ್ರೂ ಸ್ವಲ್ಪ ದಿನ ನಿಲ್ಲುತ್ತೆ."

ಹೀಗೆ ಅವರು ಒಪ್ಪಿಕೊಂಡರು. ಸೊಸೆ ಫೈಲಿನಿಂದ ಮೊದಲು ತೆಗೆದದ್ದು ಮಾನದಂಡಗಳ ಹಾಳೆ. ಐದು ಪ್ರಶ್ನೆ, ಒಂದೊಂದಕ್ಕೂ ಇಪ್ಪತ್ತು ಮಾರ್ಕು. ಬರೆದದ್ದನ್ನು ಓದಿಯೇ ಹೊಸಬರೊಬ್ಬರು ಈ ಆಟ ಆಡಿಸಬಲ್ಲರೇ ಎನ್ನುವುದು ಮೊದಲನೆಯದು. ಪ್ರತಿಯೊಂದು ಪಾತ್ರಕ್ಕೂ ಮಾಡಲು ಕೆಲಸವಿದೆಯೇ ಎನ್ನುವುದು ಎರಡನೆಯದು. ಸಾಕೆನಿಸಿದವರು ಮುಜುಗರವಿಲ್ಲದೆ ಹೊರಬರಲು ದಾರಿ ಇರಬೇಕು. ಈ ಸಲದ ವಿಷಯವಾದ "ಕಾಯುವುದು" ಆಟದಲ್ಲಿ ನಿಜವಾಗಿ ಇರಬೇಕು, ಬರೀ ಹೆಸರಿನಲ್ಲಲ್ಲ. ಇಷ್ಟೂ ಅವರಿಗೆ ಒಪ್ಪಿಗೆಯಾಯಿತು. ಐದನೆಯದಕ್ಕೆ ಬಂದಾಗ ಮಾತ್ರ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು.

"'ಆಟ ಮುಗಿದ ಮೇಲೆ ಆಡಿದವರ ಬಳಿ ಏನಾದರೂ ಉಳಿಯುತ್ತದೆಯೇ?' ಇದನ್ನ ಯಾವ ಟೇಪು ಹಿಡಿದು ಅಳೀತೀಯ?"

"ಅದನ್ನ ಆ ದಿನ ಬರೆಯೋ ಹಾಗಿಲ್ಲ ಮಾವ. ಮಾರನೇ ದಿನ ಎದ್ದು ಬರೀಬೇಕು."

ಅವರಿಗೆ ಇದು ಪೂರ್ತಿ ರುಚಿಸಲಿಲ್ಲ. ಆದರೂ ಪೆನ್ಸಿಲಿನಲ್ಲಿ ಪಕ್ಕಕ್ಕೆ "ಮಾರನೆಯ ದಿನ" ಎಂದು ಬರೆದುಕೊಂಡರು.

ಒಂಬತ್ತು ಆಟಗಳು ಬಂದಿದ್ದವು. ಬರೆದವರ ಹೆಸರು ಕತ್ತರಿಸಿ ತೆಗೆದು, ಮೇಲೆ ನಂಬರು ಹಾಕಿದ್ದರು. ನಾಲ್ಕನೆಯ ನಂಬರಿನದು ಮಾತ್ರ ಕೈಬರಹದಲ್ಲಿತ್ತು; ನೀಲಿ ಶಾಯಿ, ಒತ್ತಿ ಬರೆದ ಅಕ್ಷರ, ಅಲ್ಲಲ್ಲಿ ಎಣ್ಣೆಯ ಬೆರಳಿನ ಗುರುತು. ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಂಡ ಲಿಫ್ಟಿನ ಕಥೆ ಅದು. ಲಿಫ್ಟಿನೊಳಗೆ ಏಳು ಜನ. ಕೆಲಸದ ಸಂದರ್ಶನಕ್ಕೆ ಹೊರಟವನು, ರಕ್ತಪರೀಕ್ಷೆಯ ರಿಪೋರ್ಟು ತರಲು ಹೊರಟ ಹೆಡ್ಮಿಸ್ಟ್ರೆಸ್ಸು, ಮಾತು ಬಿಟ್ಟು ನಾಲ್ಕು ವರ್ಷವಾದ ಅಣ್ಣತಮ್ಮಂದಿರು, ಹೀಗೆ. ಒಬ್ಬೊಬ್ಬರಿಗೂ ಒಂದೊಂದು ಪುಟ. ಹೆಡ್ಮಿಸ್ಟ್ರೆಸ್ಸಿನ ಕೈಚೀಲದಲ್ಲಿ ಏನೇನಿದೆ ಎಂಬುದನ್ನೂ ಬರೆದಿದ್ದರು. ಸಾಕೆನಿಸಿದವರು ನೆಲದ ಮೇಲೆ ಅಂಟಿಸಿದ ಗೆರೆ ದಾಟಿ ಹೊರಗೆ ಬರಬಹುದು, ಯಾಕೆಂದು ಯಾರೂ ಕೇಳಬಾರದು, ಹೊರಗೆ ಕುಡಿಯಲು ನೀರಿಟ್ಟಿರಬೇಕು ಎಂದೂ ಇತ್ತು. ಇನ್‌ಸ್ಪೆಕ್ಟರು ಅದಕ್ಕೆ ಎರಡು ಮಾತಿಲ್ಲದೆ ಇಪ್ಪತ್ತಕ್ಕೆ ಇಪ್ಪತ್ತು ಹಾಕಿದರು.

ಕೊನೆಯಲ್ಲಿ ಎಂಟನೆಯ ಪಾತ್ರವಿತ್ತು. "ರಿಪೇರಿಯವನು. ಬಾಗಿಲಿನ ಹೊರಗೆ ಇರುತ್ತಾನೆ. ಒಂದು ಗಂಟೆಯಾದ ಮೇಲೆ ಬಾಗಿಲು ತೆಗೆಯುತ್ತಾನೆ." ಅಷ್ಟೇ. ಅವರು ಹಾಳೆ ತಿರುಗಿಸಿ ನೋಡಿದರು. ಹಿಂಬದಿ ಖಾಲಿ. ಒಟ್ಟು ಒಂದೂವರೆ ಸಾಲು. ಎರಡನೆಯ ಮಾನದಂಡದ ಮುಂದೆ ದೊಡ್ಡದಾಗಿ ಸೊನ್ನೆ ಬರೆದರು.

ಎರಡನೆಯ ಜಡ್ಜ್ ಸೊಸೆಯೇ; ಮೂರನೆಯವರು ಒಬ್ಬ ಹೊಲಿಗೆಯಾಕೆ. ನಾಟಕ ಕಂಪನಿಗಳಿಗೆ ಉಡುಪು ಹೊಲಿದು ಹೆಸರು ಮಾಡಿದವರು. ಮಾತಿನಲ್ಲೂ ಕತ್ತರಿ ಇಟ್ಟುಕೊಂಡವರು. ಅವರು ಅದೇ ಮಾನದಂಡಕ್ಕೆ ಇಪ್ಪತ್ತು ಹಾಕಿದ್ದರು.

"ಏಳು ಜನರನ್ನ ಇಷ್ಟು ಚೆನ್ನಾಗಿ ಬರೆದಿದಾರೆ. ಒಬ್ಬನಿಗೋಸ್ಕರ ಸೊನ್ನೆ ಹಾಕ್ತಾರಾ ಸರ್?"

"ಪ್ರಶ್ನೆ ಏನು? ಪ್ರತಿಯೊಂದು ಪಾತ್ರಕ್ಕೂ ಕೆಲಸ ಇದೆಯಾ ಅಂತ. ಮುಕ್ಕಾಲು ಪಾತ್ರಕ್ಕೆ ಇದೆಯಾ ಅಂತ ಕೇಳಿಲ್ಲ. ಕಾರಿನ ಮೂರು ಚಕ್ರಕ್ಕೆ ಬ್ರೇಕ್ ಹಿಡಿಯುತ್ತೆ ಅಂದ್ರೆ ನಾನು ಬಿಡ್ತಿದ್ನಾ?"

ಸೊಸೆ ನಡುವೆ ಬಂದಳು. "ಜಗಳ ಬೇಡ. ಭಾನುವಾರ ಆಡಿಯೇ ನೋಡೋಣ. ಮಾವ, ಆ ಎಂಟನೇ ಪಾತ್ರ ನಿಮಗೇ."

ಭಾನುವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿದರು. ಬಾಗಿಲಿಗೆ ಹೊಂದಿದ ಹಾಗೆ ನೆಲದ ಮೇಲೆ ಬಿಳಿ ಟೇಪಿನಲ್ಲಿ ಒಂದು ಚೌಕ. ಏಳು ಜನ ನಿಂತರೆ ಮೊಣಕೈಗೆ ಮೊಣಕೈ ತಾಗುವಷ್ಟೇ ಜಾಗ. ಲೈಬ್ರರಿಯ ಆಟದ ಗುಂಪಿನ ಆರು ಜನ ಒಳಗೆ ನಿಂತರು. ಏಳನೆಯವರಾಗಿ, ಹೆಡ್ಮಿಸ್ಟ್ರೆಸ್ಸಿನ ಕೈಚೀಲ ಹಿಡಿದು, ಹೊಲಿಗೆಯಾಕೆ. ಇನ್‌ಸ್ಪೆಕ್ಟರ ಕೈಗೆ ಸೊಸೆ ಒಂದು ಹಳೆಯ ಸ್ಪ್ಯಾನರ್ ಕೊಟ್ಟು, ಕಾರಿಡಾರಿನಲ್ಲಿ ನಿಲ್ಲಿಸಿ, ಬಾಗಿಲು ಹಾಕಿಕೊಂಡಳು.

ಕಾರಿಡಾರಿನಲ್ಲಿ ಒಂದು ನೀರಿನ ಕೊಡ, ಒಂದು ನೆಲ ಒರೆಸುವ ಕೋಲು, ಗೋಡೆಗೆ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಅವರು ಅದರ ಮೇಲಿನ ತಾರೀಖು ಓದಿದರು. ಇನ್ನೂ ಅವಧಿ ಇತ್ತು. ಒಳಗೆ ಮೊದಲು ನಗು ಕೇಳಿಸಿತು, ಆಮೇಲೆ ವಾದ. ಹತ್ತು ನಿಮಿಷಕ್ಕೆ ಅಣ್ಣ ತಮ್ಮಂದಿರಲ್ಲಿ ಒಬ್ಬರು ದನಿ ಎತ್ತಿದರು. ಇಪ್ಪತ್ತಕ್ಕೆ ಹೆಡ್ಮಿಸ್ಟ್ರೆಸ್ಸು ಎಲ್ಲರನ್ನೂ ಗದರಿ ಸುಮ್ಮನಾಗಿಸಿದ್ದು ಕೇಳಿಸಿತು. ಇನ್‌ಸ್ಪೆಕ್ಟರಿಗೆ ತಮ್ಮ ಸೊನ್ನೆಯ ಬಗ್ಗೆ ಸಮಾಧಾನವಾಗುತ್ತಾ ಹೋಯಿತು. ಇಲ್ಲಿ ನಿಂತವನಿಗೆ ನಿಜಕ್ಕೂ ಕೆಲಸವಿರಲಿಲ್ಲ. ಕಾಲು ನೋಯುತ್ತಿತ್ತು, ಅಷ್ಟೇ.

ನಲವತ್ತನೆಯ ನಿಮಿಷಕ್ಕೆ ಯಾರೋ ಬಾಗಿಲು ಬಡಿದರು. ಸಂದರ್ಶನಕ್ಕೆ ಹೊರಟವನ ಪಾತ್ರದವನು.

"ಹೊರಗಡೆ ಯಾರಾದ್ರೂ ಇದೀರಾ?"

ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರು ಸುಮ್ಮನಿದ್ದರು. ಮತ್ತೆ ಬಡಿತ, ಈ ಸಲ ಅಂಗೈಯಲ್ಲಿ, ಜೋರಾಗಿ.

"ಯಾರಾದ್ರೂ ಇದೀರಾ?"

ಆಮೇಲೆ ಹೊಲಿಗೆಯಾಕೆಯ ದನಿ ಬಂತು. ಅದು ಅವರ ಮಾಮೂಲಿ ದನಿ ಆಗಿರಲಿಲ್ಲ, ದಣಿದಿತ್ತು. "ಬಿಡಪ್ಪ. ಹೊರಗೆ ಯಾರೂ ಇಲ್ಲ ಅಂತ ಕಾಣುತ್ತೆ."

ಆ ಮಾತು ಕೇಳಿ ಇನ್‌ಸ್ಪೆಕ್ಟರಿಗೆ ಸುಮ್ಮನಿರಲಾಗಲಿಲ್ಲ. ಒಂದು ಗೇಣು ದೂರದಲ್ಲಿ, ಹಲಗೆಯ ಈಚೆ, ಅವರು ಇಡೀ ಹೊತ್ತು ನಿಂತೇ ಇದ್ದರು.

"ಇದೀನಿ," ಎಂದರು.

ಒಳಗೆ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು.

"ಎಷ್ಟು ಹೊತ್ತಾಗುತ್ತೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಗೊತ್ತಿಲ್ಲ. ಆದ್ರೆ ಬಿಟ್ಟು ಹೋಗಲ್ಲ. ಈಗ ಒಂದು ನಟ್ಟು ಬಿಚ್ತಿದೀನಿ." ಸ್ಪ್ಯಾನರಿನಿಂದ ಬಾಗಿಲಿನ ಚೌಕಟ್ಟಿಗೆ ಎರಡು ಸಲ ಕುಟ್ಟಿದರು. "ಕೇಳಿಸ್ತಾ? ಅದು ಮೊದಲನೇದು. ಇನ್ನೂ ಇವೆ."

ಆಮೇಲೆ ಅವರಿಗೆ ಮಾತು ನಿಲ್ಲಿಸಲಾಗಲಿಲ್ಲ. ಲಿಫ್ಟಿನ ಬಗ್ಗೆ ಅವರಿಗೆ ಏನೂ ತಿಳಿಯದು. ಅದಕ್ಕೆ ತಿಳಿದದ್ದನ್ನೇ ಹೇಳಿದರು. ಇಳಿಜಾರಿನಲ್ಲಿ ಗಾಡಿ ಬ್ರೇಕ್ ಹಿಡಿಯದಿದ್ದರೆ ಎಂಜಿನ್ನಿನಿಂದಲೇ ಹೇಗೆ ತಡೆಯಬೇಕು, ಗಾಬರಿಯಾದಾಗ ಕೈ ಎಲ್ಲಿರಬೇಕು, ಉಸಿರು ಹೇಗಿರಬೇಕು. ಸಂದರ್ಶನದವನು ಅವರ ಹತ್ತಿರ ತನ್ನ ಉತ್ತರಗಳನ್ನು ಹೇಳಿ ಒಪ್ಪಿಸಿದ; ಅವರು ಬಾಗಿಲಾಚೆಯಿಂದಲೇ ತಿದ್ದಿದರು. ಒಂದು ಗಂಟೆಯಾಗಿ ಬಾಗಿಲು ತೆಗೆದಾಗ ಅವರ ಗಂಟಲು ಒಣಗಿತ್ತು. ಏಳು ಜನವೂ ಅವರನ್ನು ಮೊದಲ ಸಲ ನೋಡುವವರಂತೆ ನೋಡಿದರು.

ಮೇಜುಗಳನ್ನು ವಾಪಸು ಎಳೆಯುವಾಗ ಹೊಲಿಗೆಯಾಕೆ ಕೇಳಿದರು, "ಈಗಲಾದ್ರೂ ಇಪ್ಪತ್ತು ಹಾಕ್ತೀರಾ ಸರ್?"

"ಇಲ್ಲಮ್ಮ. ಸೊನ್ನೆನೇ."

"ನೀವೇ ಅಷ್ಟು ಹೊತ್ತು ಮಾತಾಡಿದ್ರಲ್ಲ."

"ನಾನು ಮಾತಾಡ್ದೆ. ಬರೆದೋರು ಬರೆದಿರಲಿಲ್ಲ. ನಾಳೆ ನನ್ನ ಜಾಗದಲ್ಲಿ ಇನ್ನೊಬ್ಬ ನಿಂತು ಹಾಳೆಯಲ್ಲಿ ಇದ್ದಷ್ಟೇ ಮಾಡಿದ್ರೆ? ಒಳಗಿರೋರ ಗತಿ ಏನು?" ಅವರು ಮೇಜಿನ ಅಂಚಿಗೆ ಕೂತರು. "ಸೊನ್ನೆ ಸರಿಯಾಗೇ ಇದೆ. ಆದ್ರೆ ಯಾಕೆ ಸೊನ್ನೆ ಅಂತ ಅವರಿಗೆ ಹೇಳ್ಬೇಕು. ಇದೊಂದು ಸರಿಯಾದ್ರೆ ಆಟ ಎಲ್ಲಿಗೋ ಹೋಗುತ್ತೆ."

ಸೊಸೆ ತಲೆ ಅಲ್ಲಾಡಿಸಿದಳು. "ಆಗಲ್ಲ ಮಾವ. ಬರೆದವರಿಗೆ ಮಾರ್ಕು ಮಾತ್ರ ತಿಳಿಸೋದು ಅಂತ ನಿಯಮ. ನಾನೇ ಮಾಡಿದ್ದು. ಹೋದ ವರ್ಷ ಕಾರಣ ಹೇಳಿದ್ದಕ್ಕೆ ಒಬ್ಬರು ಹನ್ನೊಂದು ದಿನ ಬಿಡದೆ ಫೋನ್ ಮಾಡಿ ತಲೆ ತಿಂದ್ರು."

ಇನ್‌ಸ್ಪೆಕ್ಟರು ಕನ್ನಡಕ ಒರೆಸಿದರು. ಆಮೇಲೆ ಮನೆಯಲ್ಲೂ ಯಾರಿಗೂ ಹೇಳದಿದ್ದ ಒಂದು ಸಂಗತಿ ಹೇಳಿದರು.

"ನಮ್ಮಲ್ಲೂ ಅದೇ ನಿಯಮ ಇತ್ತು. ಫೇಲ್ ಆದೋರಿಗೆ ಕಾರಣ ಹೇಳೋ ಹಾಗಿಲ್ಲ. ಒಬ್ಬ ಹೆಂಗಸು ಏಳು ಸಲ ಬಂದಿದ್ರು. ಏಳು ಸಲವೂ ನಾನೇ ಕೂತಿದ್ದೆ. ಆಕೆ ಗಾಡಿ ಚೆನ್ನಾಗೇ ಓಡಿಸೋರು. ತಿರುವಿನಲ್ಲಿ ಬಲಗಡೆ ಕನ್ನಡಿ ನೋಡ್ತಿರಲಿಲ್ಲ, ಅದೊಂದೇ. ಏಳನೇ ಸಲ ಇಳಿಯೋಕೆ ಮುಂಚೆ ಕೇಳಿದ್ರು, ಏನು ತಪ್ಪು ಅಂತ ಒಂದು ಮಾತು ಹೇಳ್ಬಿಡಿ ಸರ್ ಅಂತ. ಹೇಳೋ ಹಾಗಿಲ್ಲಮ್ಮ ಅಂದೆ. ಎಂಟನೇ ಸಲ ಬರಲೇ ಇಲ್ಲ." ಅವರು ಸ್ಪ್ಯಾನರನ್ನು ಸೊಸೆಯ ಕೈಗೆ ಕೊಟ್ಟರು. "ಒಂದು ಮಾತು ಕಣೇ. ಕನ್ನಡಿ ನೋಡಿ ಅಂತ. ಅಷ್ಟು ಹೇಳಿದ್ರೆ ಯಾರ ಗಂಟು ಹೋಗ್ತಿತ್ತು?"

ಹೊಲಿಗೆಯಾಕೆ ಮೊದಲು ಬಾಯಿ ಬಿಟ್ಟರು. "ಹೇಳೋದಾದ್ರೆ ಒಂಬತ್ತು ಜನಕ್ಕೂ ಹೇಳ್ಬೇಕು. ಒಬ್ಬರಿಗೆ ಹೇಳಿ ಒಬ್ಬರಿಗೆ ಬಿಟ್ರೆ ಮೋಸ."

"ಒಂಬತ್ತೂ ನಾನೇ ಬರೀತೀನಿ," ಎಂದರು ಇನ್‌ಸ್ಪೆಕ್ಟರು.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವರಿಗೆ "ಹೊರಗೆ ಯಾರೂ ಇಲ್ಲ ಅಂತ ಕಾಣುತ್ತೆ" ಎಂಬ ಮಾತು ಬೇಡವೆಂದರೂ ಕಿವಿಯಲ್ಲಿ ಬಂತು. ಬಾಯಿ ತೊಳೆದು, ಮೇಜಿಗೆ ಬಂದು, ನಾಲ್ಕನೆಯ ನಂಬರಿನ ಐದನೆಯ ಮಾನದಂಡಕ್ಕೆ ಹತ್ತೊಂಬತ್ತು ಬರೆದರು. ಅಷ್ಟರಲ್ಲಿ ಸೊಸೆಯ ಫೋನ್ ಬಂತು. ನಿಯಮ ಬದಲಾಯಿಸಿದ್ದಳು. ಒಬ್ಬೊಬ್ಬರಿಗೂ ಒಂದು ಪುಟ ಸಲಹೆ, ತಿದ್ದಿ ಕಳಿಸಲು ಹದಿನೈದು ದಿನ. ಹೆಸರು ಅಲ್ಲಿಯವರೆಗೂ ಗುಟ್ಟು.

ಬರೆಯಲು ಕೂತ ಮೇಲೆ ಅವರಿಗೆ ಕಷ್ಟ ಗೊತ್ತಾಯಿತು. ಪೆನ್ನು ಹಿಡಿದರೆ ಹೊರಡುತ್ತಿದ್ದದ್ದು ಆಫೀಸಿನ ಭಾಷೆ. "ಪಾತ್ರ ಎಂಟು: ವಿವರಣೆಯ ಕೊರತೆ. ಸರಿಪಡಿಸತಕ್ಕದ್ದು." ಹೆಂಡತಿ ಹೆಗಲ ಮೇಲಿಂದ ಬಗ್ಗಿ ಓದಿದರು.

"ಇದನ್ನ ಓದಿದೋರು ಹಾಳೆ ಮುದುರಿ ಬಿಸಾಕ್ತಾರೆ, ಅಷ್ಟೇ."

"ಇನ್ನೇನು ಬರೀಲಿ?"

"ಅವರು ನಿಮ್ಮೆದುರಿಗೆ ಈ ಕುರ್ಚಿಯಲ್ಲಿ ಕೂತಿದಾರೆ ಅನ್ಕೊಳ್ಳಿ. ಏನು ಕೇಳ್ತಿದ್ರಿ?"

ಅವರು ಖಾಲಿ ಕುರ್ಚಿ ನೋಡಿದರು. ಬಹಳ ಹೊತ್ತು ನೋಡಿ, ಹಾಳೆ ಹರಿದು, ಹೊಸದಾಗಿ ಬರೆದರು. "ಒಳಗಿರುವವರ ದನಿ ಹೊರಗಿರುವ ರಿಪೇರಿಯವನಿಗೆ ಕೇಳಿಸುತ್ತದೆಯೇ? ಕೇಳಿಸಿದರೆ ಅವನು ಏನು ಮಾಡುತ್ತಾನೆ? ಆ ಒಂದು ಗಂಟೆ ಅವನಿಗೆ ಹೇಗಿರುತ್ತದೆ? ನಾನು ಅವನಾಗಿ ನಿಂತಿದ್ದೆ. ನನಗೆ ತಿಳಿಯಬೇಕು." ಒಂಬತ್ತು ಪುಟ ಮುಗಿಯಲು ಆರು ದಿನ ಹಿಡಿಯಿತು. ಹೆಂಡತಿ ಒಂದೊಂದನ್ನೂ ಓದಿ, ಎರಡನ್ನು ವಾಪಸು ಕೊಟ್ಟು, ಮತ್ತೆ ಬರೆಸಿದರು.

ಹದಿನೈದು ದಿನದಲ್ಲಿ ಏಳು ಆಟ ತಿದ್ದಿಕೊಂಡು ಬಂದವು. ಒಂದು ಬಂದ ಹಾಗೇ ಇರಲಿ ಎಂದು ಬರೆದವರು ತಿಳಿಸಿದರು. ಇನ್ನೊಬ್ಬರು ಸಿಟ್ಟಿನಿಂದ, ಒಂದು ಆಟವನ್ನೂ ಸರಿಯಾಗಿ ಆಡದವರು ತಮಗೆ ಪಾಠ ಹೇಳುವುದೇ ಎಂದು ಪತ್ರ ಹಾಕಿದ್ದರು. ಇನ್‌ಸ್ಪೆಕ್ಟರು ಅದನ್ನು ಓದಿ, "ಇದೂ ನಿಜವೇ" ಎಂದು ಫೈಲಿಗೆ ಸೇರಿಸಿದರು.

ನಾಲ್ಕನೆಯ ನಂಬರಿನ ಎಂಟನೆಯ ಪಾತ್ರ ಈಗ ಎರಡು ಪುಟವಾಗಿತ್ತು. ಅದೇ ನೀಲಿ ಶಾಯಿ. "ಕೈ ಕೆಲಸ ಮಾಡಲಿ, ಬಾಯಿ ಮಾತಾಡಲಿ. ಬೆವರು ಒರೆಸಿಕೊಳ್ಳುವಾಗಲೂ ಮಾತು ನಿಲ್ಲಿಸಬೇಡಿ. ಸದ್ದು ನಿಂತರೆ ಒಳಗಿನವರು ಬಾಗಿಲಿಗೆ ಕೈ ಹಾಕುತ್ತಾರೆ. ಐದು ನಿಮಿಷ ಎಂದು ಯಾವತ್ತೂ ಹೇಳಬೇಡಿ. ಆರನೆಯ ನಿಮಿಷದಿಂದ ನಿಮ್ಮನ್ನು ಯಾರೂ ನಂಬುವುದಿಲ್ಲ. ಒಳಗೆ ಎಲ್ಲರಿಗಿಂತ ಸುಮ್ಮನಿರುವವರು ಯಾರು ಎಂದು ಕೇಳಿ ತಿಳಿದುಕೊಂಡು, ಅವರ ಹತ್ತಿರವೇ ಮಾತಾಡಿ. ಜೋರಾಗಿ ಕೂಗುವವರಿಗೆ ಏನೂ ಆಗುವುದಿಲ್ಲ. ನಿಮಗೂ ಒಳಗೊಳಗೇ ಭಯವಿರುತ್ತದೆ. ಅದು ದನಿಯಲ್ಲಿ ಕಾಣಬಾರದು." ಇನ್‌ಸ್ಪೆಕ್ಟರು ಓದಿ ಮುಗಿಸಿ, ಸೊನ್ನೆಯನ್ನು ಹೊಡೆದುಹಾಕಿ, ಹದಿನೆಂಟು ಬರೆದರು. ಹೊಲಿಗೆಯಾಕೆ ಬಗ್ಗಿ ನೋಡಿ, "ಇನ್ನೆರಡು ಯಾಕೆ ಹಿಡ್ಕೊಂಡ್ರಿ?" ಎಂದರು.

"ತಮ್ಮನ ಪಾತ್ರಕ್ಕೆ ಕೊನೇ ಹತ್ತು ನಿಮಿಷ ಕೆಲಸ ಇಲ್ಲ," ಎಂದರು ಇವರು. ಆಕೆ ಹಾಳೆ ಮತ್ತೊಮ್ಮೆ ನೋಡಿ, ತಮ್ಮ ಇಪ್ಪತ್ತನ್ನೂ ಹದಿನೆಂಟು ಮಾಡಿದರು.

ಎಲ್ಲ ಕೂಡಿದಾಗ ಅದಕ್ಕೆ ಎರಡನೆಯ ಸ್ಥಾನ ಬಂತು. ಛತ್ರಿ ಅಂಗಡಿಯೊಂದರಲ್ಲಿ ಮಳೆ ನಿಲ್ಲಲು ಕಾಯುವವರ ಆಟಕ್ಕೆ ಮೊದಲನೆಯದು. ಇಬ್ಬರು ನರ್ಸುಗಳು ಸೇರಿ ಬರೆದದ್ದು. ಅದು ನಿಜಕ್ಕೂ ಚೆನ್ನಾಗಿತ್ತು, ಮೂವರು ಜಡ್ಜುಗಳಿಗೂ ಅದರಲ್ಲಿ ತಕರಾರಿರಲಿಲ್ಲ.

ಫಲಿತಾಂಶದ ದಿನ ನಾಲ್ಕನೆಯ ನಂಬರಿನವರನ್ನು ಕರೆದಾಗ, ಹಿಂದಿನ ಸಾಲಿನಿಂದ ಕೆಲಸದ ನೀಲಿ ಅಂಗಿಯಲ್ಲೇ ಒಬ್ಬರು ಎದ್ದು ಬಂದರು. ಗಿಡ್ಡ ಆಳು, ನಲವತ್ತರ ಆಸುಪಾಸು, ಹೆಗಲಿಗೆ ಸಾಮಾನಿನ ಚೀಲ. ಹದಿನಾರು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವವರು. ಸಭೆ ಮುಗಿದ ಮೇಲೆ ಇನ್‌ಸ್ಪೆಕ್ಟರು ಅವರನ್ನು ಹುಡುಕಿಕೊಂಡು ಹೋದರು.

"ಆ ಸಲಹೆಯ ಪುಟ ಬರೆದದ್ದು ನಾನು. ಸೊನ್ನೆ ಹಾಕಿದ್ದೂ ನಾನೇ."

ರಿಪೇರಿಯವರು ಕೈ ಒರೆಸಿಕೊಂಡು ಕೈ ಕೊಟ್ಟರು. "ಓದಿದ ದಿನ ಊಟ ಸೇರಲಿಲ್ಲ ಸರ್. ಆಮೇಲೆ ನೀವು ಕೇಳಿದ್ದಕ್ಕೆ ಉತ್ತರ ಬರೀತಾ ಕೂತೆ. ನಿಲ್ಲಲೇ ಇಲ್ಲ."

"ಏಳು ಜನರ ಬಗ್ಗೆ ಅಷ್ಟು ಬರೆದ್ರಿ. ನಿಮ್ಮದನ್ನ ಮೊದಲೇ ಯಾಕೆ ಬರೀಲಿಲ್ಲ?"

"ಅದು ದಿನಾ ಮಾಡೋ ಕೆಲಸ ಅಲ್ವಾ ಸರ್. ಅದರಲ್ಲಿ ಆಟ ಏನಿದೆ ಅನ್ಕೊಂಡಿದ್ದೆ." ಹೆಗಲಿನ ಚೀಲ ಸರಿಮಾಡಿಕೊಂಡು ಹೇಳಿದರು, "ಯಾರೂ ಕೇಳಿರಲಿಲ್ಲ ನೋಡಿ. ಬಾಗಿಲು ತೆಗೆದ ತಕ್ಷಣ ಎಲ್ಲರೂ ಓಡ್ತಾರೆ. ಅವರ ತಪ್ಪಲ್ಲ, ಅವರಿಗೆ ಅವಸರ ಇರುತ್ತೆ."

ಎರಡು ವಾರದ ನಂತರ ಬಹುಮಾನ ಬಂದ ಆಟಗಳನ್ನು ಲೈಬ್ರರಿಯಲ್ಲಿ ಆಡಿಸಿದರು. ಲಿಫ್ಟಿನ ಆಟದಲ್ಲಿ ಯಾವ ಪಾತ್ರ ಬೇಕೆಂದು ಕೇಳಿದಾಗ ರಿಪೇರಿಯವರು ಅಣ್ಣನ ಪಾತ್ರ ಕೇಳಿ ಪಡೆದರು. ಹೊರಗೆ ನಿಂತದ್ದು ಅಂಚೆ ಕಚೇರಿಯ ಒಬ್ಬ ಗುಮಾಸ್ತೆ. ಎರಡು ಪುಟ ಕೈಯಲ್ಲಿ ಹಿಡಿದು, ಒಂದು ಗಂಟೆ ಬಿಡದೆ ಮಾತಾಡಿದಳು. ಬಾಗಿಲು ತೆಗೆದಾಗ ರಿಪೇರಿಯವರು ಎಲ್ಲರಿಗಿಂತ ಕೊನೆಗೆ, ಮೊಣಕಾಲು ನೀವಿಕೊಳ್ಳುತ್ತಾ ಗೆರೆ ದಾಟಿದರು.

"ಒಳಗೆ ಇಷ್ಟು ಕಾಲು ನೋಯುತ್ತೆ ಅಂತ ನಂಗೆ ಗೊತ್ತೇ ಇರಲಿಲ್ಲ ಸರ್. ಹದಿನಾರು ವರ್ಷ ಹೊರಗೆ ನಿಂತು ಅಷ್ಟು ಮಾತಾಡಿದೀನಿ, ನೆಲದ ಮೇಲೆ ಕೂತ್ಕೊಳ್ಳಿ ಅಂತ ಒಬ್ಬರಿಗೂ ಹೇಳಿಲ್ಲ."

"ಅದನ್ನ ಬರ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರು.

ರಿಪೇರಿಯವರು ಅಲ್ಲೇ, ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದರು. ಗುಮಾಸ್ತೆ ಬಂದು, ತನಗೆ ಮೂವತ್ತನೆಯ ನಿಮಿಷದಲ್ಲಿ ಮಾತು ಖಾಲಿಯಾಗಿತ್ತು, ಅಲ್ಲಿಗೆ ಇನ್ನೆರಡು ಸಾಲು ಬೇಕು ಎಂದಳು. ಹೊಲಿಗೆಯಾಕೆ ತಮ್ಮನ ಪಾತ್ರದ ಹಾಳೆ ತಂದು ಪಕ್ಕಕ್ಕೆ ಇಟ್ಟರು. ನಾಲ್ವರೂ ಕಿಟಕಿಗೆ ಬಗ್ಗಿ ನಿಂತಿದ್ದಾಗ ಸೊಸೆ ಬಂದು, ಪಕ್ಕದ ಊರಿನ ಲೈಬ್ರರಿಯವರು ಮುಂದಿನ ತಿಂಗಳಿಗೆ ಈ ಆಟ ಕೇಳುತ್ತಿದ್ದಾರೆ, ಅಲ್ಲಿ ಆಡಿಸಲು ಯಾರು ಹೋಗುತ್ತೀರಿ ಎಂದು ಕೇಳಿದಳು.

"ನಂಗೆ ಶನಿವಾರ ರಜಾ," ಎಂದರು ರಿಪೇರಿಯವರು.

"ನಾನು ಗಾಡಿ ಓಡಿಸ್ತೀನಿ," ಎಂದರು ಇನ್‌ಸ್ಪೆಕ್ಟರು.